ಎಂಟನೇ ಕ್ಲಾಸಿಗೆ ನಿಂತುಹೋಗುವ ಹಕ್ಕು

ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಒಬ್ಬ ತಾಯಿ ಇದ್ದಾರೆ. ಮಗ ಎಂಟನೇ ಕ್ಲಾಸು ಮುಗಿಸಿದ ಏಪ್ರಿಲ್‌ನಲ್ಲಿ, ಒಂದು ಸಂಜೆ ಕೈಯಲ್ಲಿ ಮಡಚಿದ ಹಾಳೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಇಂಗ್ಲಿಷಿನಲ್ಲಿತ್ತು. ಓದಿ ಹೇಳಿ ಅಂದರು. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಉಚಿತ ಸೀಟಿನ ಸೌಲಭ್ಯ ಎಂಟನೇ ತರಗತಿಗೆ ಮುಗಿಯುತ್ತದೆ, ಒಂಬತ್ತಕ್ಕೆ ವರ್ಷದ ಫೀಸು 52,000 ರೂಪಾಯಿ, ಮೊದಲ ಕಂತು ಮೇ 15ರೊಳಗೆ ಕಟ್ಟಬೇಕು, ಇಲ್ಲದಿದ್ದರೆ ಟಿಸಿ ತೆಗೆದುಕೊಂಡು ಹೋಗಬಹುದು. ಇಷ್ಟೇ ಇದ್ದದ್ದು. ಅವರಿಗೆ ನಾನು ಹೇಳಿದ್ದು ಅರ್ಥವಾಯಿತು, ಆದರೂ ಇನ್ನೊಮ್ಮೆ ಓದಿಸಿದರು. ಎಲ್‌ಕೆಜಿಯಿಂದ ಹತ್ತು ವರ್ಷ ಅದೇ ಶಾಲೆ, ಅದೇ ಯೂನಿಫಾರ್ಮು, ಅದೇ ಸ್ನೇಹಿತರು. ಹುಡುಗ ಕ್ಲಾಸಿನಲ್ಲಿ ಮೊದಲ ಐದರೊಳಗೆ ಇದ್ದವನು.

ಶಾಲೆಯವರು ಕಾನೂನು ಮೀರಿಲ್ಲ. ತಪ್ಪು ಇರುವುದು ಕಾನೂನಿನ ಅಳತೆಯಲ್ಲೇ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಪಾಸಾಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 12(1)(ಸಿ) ಸೆಕ್ಷನ್ ಪ್ರಕಾರ ಅನುದಾನ ಪಡೆಯದ ಖಾಸಗಿ ಶಾಲೆಗಳು ಒಂದನೇ ತರಗತಿಯಲ್ಲಿ, ಎಲ್‌ಕೆಜಿ ಇದ್ದರೆ ಅಲ್ಲಿಂದಲೇ, ಕನಿಷ್ಠ 25% ಸೀಟನ್ನು ನೆರೆಹೊರೆಯ ಬಡ ಮತ್ತು ಹಿಂದುಳಿದ ಮಕ್ಕಳಿಗೆ ಬಿಟ್ಟುಕೊಡಬೇಕು. ಫೀಸಿನ ಬದಲು ಸರ್ಕಾರ ಶಾಲೆಗೆ ಒಂದಿಷ್ಟು ಹಣ ಕೊಡುತ್ತದೆ. ಆದರೆ ಇದೆಲ್ಲ 'ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ' ಮಾತ್ರ. ಕಾಯ್ದೆಯ ಲೆಕ್ಕದಲ್ಲಿ ಅದು ಎಂಟನೇ ಕ್ಲಾಸು. ಸಂವಿಧಾನದ 21ಎ ವಿಧಿಯೇ 6ರಿಂದ 14 ವರ್ಷ ಅನ್ನುತ್ತದೆ, ಕಾಯ್ದೆ ಅದನ್ನೇ ಹಿಡಿದುಕೊಂಡಿದೆ. 14 ಅನ್ನುವ ಅಂಕಿ ಇನ್ನೂ ಹಳೆಯದು. ಸಂವಿಧಾನ ಬರೆಯುವಾಗ 45ನೇ ವಿಧಿಯಲ್ಲಿ ಬಂದದ್ದು. ಏಳು, ಎಂಟು ಓದಿದವರಿಗೂ ಒಂದು ಕೆಲಸ ಸಿಗುತ್ತಿದ್ದ ಕಾಲದ ಅಳತೆ ಅದು. ಈಗ ಎಂಟನೇ ಕ್ಲಾಸಿನ ಅಂಕಪಟ್ಟಿ ಹಿಡಿದು ಯಾವ ಕೆಲಸಕ್ಕೆ ಹೋಗಬಹುದು ಹೇಳಿ?

ಆ ಮನೆಯವರ ಮುಂದೆ ಇದ್ದದ್ದು ಎರಡೇ ದಾರಿ. ಸಾಲ ಮಾಡಿ ಫೀಸು ಕಟ್ಟಬೇಕು, ಅದು ಹತ್ತನೇ ಕ್ಲಾಸಿಗೂ ಮುಂದುವರಿಯುತ್ತದೆ. ಇಲ್ಲದಿದ್ದರೆ ಹತ್ತಿರದ ಸರ್ಕಾರಿ ಹೈಸ್ಕೂಲಿಗೆ ಸೇರಿಸಬೇಕು. ಅಲ್ಲಿ ಫೀಸಿನ ಚಿಂತೆ ಇಲ್ಲ, ಮಧ್ಯಾಹ್ನದ ಊಟವೂ ಇದೆ. ಆದರೆ ಅಲ್ಲಿರುವುದು ಕನ್ನಡ ಮಾಧ್ಯಮ. ಹತ್ತು ವರ್ಷ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ ಓದಿದ ಹುಡುಗ ಎಸ್‌ಎಸ್‌ಎಲ್‌ಸಿಗೆ ಎರಡೇ ವರ್ಷ ಇರುವಾಗ ಎಲ್ಲವನ್ನೂ ಕನ್ನಡದಲ್ಲಿ ಹೊಸದಾಗಿ ಕಲಿಯಬೇಕು. ಮುಂದೆ ಪಿಯುನಲ್ಲಿ ಸೈನ್ಸ್ ತೆಗೆದುಕೊಂಡರೆ ಮತ್ತೆ ಇಂಗ್ಲಿಷಿಗೆ ವಾಪಸ್. ಒಂದೇ ಮಗುವಿಗೆ ಮೂರು ವರ್ಷದೊಳಗೆ ಎರಡು ಸಲ ಭಾಷೆ ಬದಲು. ದುಡ್ಡಿರುವ ಮನೆಯ ಯಾವ ಮಗುವಿಗೂ ಇಂಥದ್ದನ್ನು ಯಾರೂ ಮಾಡುವುದಿಲ್ಲ, ಅಲ್ವಾ?

ಇದು ಒಂದು ಮನೆಯ ಕಥೆ ಅಲ್ಲ. ಕರ್ನಾಟಕದಲ್ಲಿ ಆರ್‌ಟಿಇ ಸೀಟು ಶುರುವಾದದ್ದು 2012-13ರಲ್ಲಿ. ಆಗ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳು ಎಂಟು ಮುಗಿಸಿದ್ದು 2019-20ರಲ್ಲಿ. ಅಂದರೆ ಮೊದಲ ಬ್ಯಾಚು ಈ ಅಂಚಿಗೆ ಬಂದು ನಿಂತದ್ದು ಕೊರೊನಾ ಲಾಕ್‌ಡೌನ್ ವರ್ಷದಲ್ಲಿ, ಅಪ್ಪ ಅಮ್ಮನ ಕೆಲಸ ಹೋದ ಹೊತ್ತಿಗೆ ಸರಿಯಾಗಿ. ಆಮೇಲೆ ಪ್ರತಿ ಏಪ್ರಿಲ್‌ನಲ್ಲೂ ಒಂದೊಂದು ಬ್ಯಾಚು. 2018-19ರಲ್ಲಿ ಎಲ್‌ಕೆಜಿಗೆ ಸೇರಿದ ಮಕ್ಕಳು ಎಂಟನೇ ಕ್ಲಾಸು ಮುಗಿಸುವುದು 2028ರ ಬೇಸಿಗೆಯಲ್ಲಿ. ಅಲ್ಲಿಯವರೆಗೆ ಪ್ರತಿ ವರ್ಷವೂ ಸಾವಿರಾರು ಮನೆಗಳಿಗೆ ಇಂಥ ಹಾಳೆ ಬರುತ್ತದೆ. ಇದು ಯಾರಿಗೂ ಗೊತ್ತಿಲ್ಲದ ವಿಷಯವೂ ಅಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯ 2019ರ ಕರಡಿನಲ್ಲೇ ಹಕ್ಕನ್ನು 12ನೇ ತರಗತಿವರೆಗೆ ಹಿಗ್ಗಿಸಬೇಕು ಎಂಬ ಸಲಹೆ ಇತ್ತು. 2020ರ ಅಂತಿಮ ನೀತಿ 3ರಿಂದ 18 ವರ್ಷದ ಎಲ್ಲರಿಗೂ ಶಾಲೆ ಸಿಗಬೇಕು ಅಂದಿತು. ನಮ್ಮ ರಾಜ್ಯದ್ದೇ ಆದ, ಸುಖದೇವ್ ಥೋರಟ್ ನೇತೃತ್ವದ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲೂ ಹಕ್ಕಿನ ವಯಸ್ಸನ್ನು 18ಕ್ಕೆ ಏರಿಸುವ ಮಾತಿದೆ. ಮಾತು ಎಲ್ಲರದ್ದೂ ಒಂದೇ. ಕಾಯ್ದೆ ಮಾತ್ರ ಇನ್ನೂ 14ರಲ್ಲೇ ಇದೆ.

2018-19 ಅಂತ ಹೇಳಿದೆನಲ್ಲ, ಅದಕ್ಕೆ ಕಾರಣ ಇದೆ. ಆ ವರ್ಷದವರೆಗೆ ರಾಜ್ಯದಲ್ಲಿ ಆರ್‌ಟಿಇ ಸೀಟುಗಳ ಸಂಖ್ಯೆ ಲಕ್ಷ ದಾಟಿತ್ತು. 2019ರ ಜನವರಿ ಕೊನೆಗೆ ಸರ್ಕಾರ ನಿಯಮ ಬದಲಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಗೆ ಆರ್‌ಟಿಇ ಮಕ್ಕಳನ್ನು ಕಳಿಸಬೇಕಿಲ್ಲ ಅನ್ನುವುದು ಹೊಸ ನಿಯಮ. ಸರ್ಕಾರಿ ಶಾಲೆ ಇಲ್ಲದ ವಾರ್ಡು, ಹಳ್ಳಿ ನಮ್ಮಲ್ಲಿ ಎಷ್ಟಿವೆ? ಮರುವರ್ಷವೇ ಸೀಟುಗಳು ಇಪ್ಪತ್ತು ಸಾವಿರದೊಳಗೆ ಬಂದವು. ಪೋಷಕರು ಕೋರ್ಟಿಗೆ ಹೋದರು, 2019ರ ಮೇ ಕೊನೆಯಲ್ಲಿ ಹೈಕೋರ್ಟ್ ಸರ್ಕಾರದ ನಿಯಮವನ್ನೇ ಎತ್ತಿಹಿಡಿಯಿತು. ಐದು ವರ್ಷ ಬಿಟ್ಟು, 2024ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರ ಹೆಚ್ಚುಕಮ್ಮಿ ಇಂಥದ್ದೇ ನಿಯಮ ತಂದಿತು. ಅಲ್ಲಿ ಬಾಂಬೆ ಹೈಕೋರ್ಟ್ ಜುಲೈನಲ್ಲಿ ಅದನ್ನು ರದ್ದು ಮಾಡಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ರದ್ದತಿಯನ್ನೇ ಒಪ್ಪಿತು. ಒಂದೇ ಕೇಂದ್ರ ಕಾಯ್ದೆ. ಪುಣೆಯ ಮಗುವಿಗೆ ಇರುವ ಬಾಗಿಲು ಬೆಳಗಾವಿಯ ಮಗುವಿಗೆ ಇಲ್ಲ.

ಸರ್ಕಾರದ ವಾದವನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಅದರಲ್ಲಿ ಸತ್ಯ ಇದೆ. ಕೋಟಿಗಟ್ಟಲೆ ದುಡ್ಡು ಖಾಸಗಿ ಶಾಲೆಗಳಿಗೆ ಹೋಗುತ್ತಿತ್ತು, ಇತ್ತ ಪಕ್ಕದ ಸರ್ಕಾರಿ ಶಾಲೆ ಮಕ್ಕಳಿಲ್ಲದೆ ಬರಿದಾಗುತ್ತಿತ್ತು. ಊರಿನ ಚುರುಕು ಮಕ್ಕಳು, ಮಕ್ಕಳ ಓದಿನ ಬಗ್ಗೆ ಕಾಳಜಿ ಇರುವ ಅಪ್ಪ ಅಮ್ಮಂದಿರು ಮೊದಲು ಎದ್ದು ಹೋಗುತ್ತಾರೆ. ಶಾಲೆಗೆ ಬಂದು ಮೇಷ್ಟ್ರನ್ನು ಪ್ರಶ್ನೆ ಕೇಳುತ್ತಿದ್ದವರೇ ಹೋದ ಮೇಲೆ ಉಳಿದ ಮಕ್ಕಳ ಪರವಾಗಿ ಕೇಳುವವರು ಯಾರು? 1964-66ರ ಕೊಠಾರಿ ಆಯೋಗ ಹೇಳಿದ್ದು ಇದನ್ನೇ: ಒಂದು ಊರಿನ ಎಲ್ಲ ಮಕ್ಕಳೂ ಒಂದೇ ನೆರೆಹೊರೆ ಶಾಲೆಗೆ ಹೋಗಬೇಕು. ಆಗ ಮಾತ್ರ ಉಳ್ಳವರ ಒತ್ತಡದಿಂದ ಶಾಲೆ ಸುಧಾರಿಸುತ್ತದೆ. ಇದು ನನಗೂ ಸರಿ ಅನ್ನಿಸುತ್ತದೆ. ಇನ್ನೊಂದು ಮಾತೂ ಇದೆ. ತೀರಾ ಬಡವರಿರುವ ಹಳ್ಳಿ, ತಾಂಡಾ, ಹಾಡಿಗಳಲ್ಲಿ ಖಾಸಗಿ ಶಾಲೆಯೇ ಇರುವುದಿಲ್ಲ. ಅವರಿಗೆ 25% ಸೀಟಿನಿಂದ ಏನೂ ಸಿಗುತ್ತಿರಲಿಲ್ಲ.

ನನ್ನ ಸಿಟ್ಟು ಬೇರೆ ಕಡೆ. ಖಾಸಗಿ ಬಾಗಿಲು ಮುಚ್ಚುವಾಗ ಸರ್ಕಾರಿ ಶಾಲೆಯನ್ನು ಗಟ್ಟಿ ಮಾಡುತ್ತೇವೆ ಅಂದರು. ಮುಚ್ಚುವ ಕೆಲಸ ಒಂದು ಅಧಿಸೂಚನೆಯಲ್ಲಿ ಮುಗಿಯಿತು. ಗಟ್ಟಿ ಮಾಡುವ ಕೆಲಸ ಇನ್ನೂ ಎಳೆಯುತ್ತಲೇ ಇದೆ. ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದವು, ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ಶುರು ಮಾಡಿದರು, ಅಲ್ಲಿ ಸೀಟಿಗಾಗಿ ಪೋಷಕರು ಸಾಲು ನಿಂತದ್ದೂ ಉಂಟು. ಚೆನ್ನಾಗಿ ನಡೆಸಿದರೆ ಜನ ಸರ್ಕಾರಿ ಶಾಲೆಗೆ ಬರುತ್ತಾರೆ ಅನ್ನುವುದಕ್ಕೆ ಇದೇ ಸಾಕ್ಷಿ. ಆದರೆ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಹತ್ತಾರು ಸಾವಿರ ಶಿಕ್ಷಕರ ಹುದ್ದೆ ಖಾಲಿ ಇವೆ. ಅಲ್ಲಿ ಪಾಠ ಮಾಡುತ್ತಿರುವವರು ತಿಂಗಳಿಗೆ ಹನ್ನೆರಡು ಸಾವಿರ ರೂಪಾಯಿ ಆಸುಪಾಸಿನ ಗೌರವಧನದ ಅತಿಥಿ ಶಿಕ್ಷಕರು. ಅದೂ ಶಾಲೆ ಶುರುವಾದ ದಿನವೇ ಬರುವುದಿಲ್ಲ. ಆದೇಶ ಬಂದು, ಅರ್ಜಿ ಹಾಕಿ, ಆಯ್ಕೆ ಆಗುವ ಹೊತ್ತಿಗೆ ಜೂನ್ ಕಳೆದಿರುತ್ತದೆ. ಗಣಿತದ ಮೊದಲ ಎರಡು ಪಾಠ ಹಾಗೇ ಹೋಗುತ್ತದೆ. ಮುಂದಿನ ಪಾಠಗಳು ನಿಂತಿರುವುದೇ ಅದರ ಮೇಲೆ.

ಇದರ ಫಲ ಎಲ್ಲಿ ಕಾಣುತ್ತದೆ ಅಂದರೆ ಎಸ್‌ಎಸ್‌ಎಲ್‌ಸಿಯಲ್ಲಿ. 2023ರಲ್ಲಿ ಪಾಸಾದವರು 83.89%. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು, ಫಲಿತಾಂಶ 73.40%ಕ್ಕೆ ಇಳಿಯಿತು. ಅದೂ ಗ್ರೇಸ್ ಅಂಕವನ್ನು 10ರಿಂದ 20%ಕ್ಕೆ ಏರಿಸಿದ ಮೇಲೆ. ಮರುವರ್ಷ ಆ ಗ್ರೇಸ್ ತೆಗೆದರು, 62.34%ಕ್ಕೆ ಬಂತು. ಎರಡು ವರ್ಷದಲ್ಲಿ ಮಕ್ಕಳು ದಡ್ಡರಾಗಲಿಲ್ಲ. ಮೊದಲು ಬರುತ್ತಿದ್ದ ಅಂಕಿ ಕಲಿಕೆಯನ್ನು ತೋರಿಸುತ್ತಿರಲಿಲ್ಲ, ಅಷ್ಟೇ. ಕ್ಯಾಮೆರಾ ಹಾಕಿದ್ದು ಸರಿ ಅನ್ನುವವರ ಪೈಕಿ ನಾನೂ ಒಬ್ಬ. ಆದರೆ ಕ್ಯಾಮೆರಾ ಹಾಕಿದ್ದು ಪರೀಕ್ಷೆಯ ಮೂರು ಗಂಟೆಗೆ. ವರ್ಷಪೂರ್ತಿ ಗಣಿತದ ಮೇಷ್ಟ್ರೇ ಇಲ್ಲದ ಕ್ಲಾಸನ್ನು ನೋಡಲು ಯಾವ ಕ್ಯಾಮೆರಾವೂ ಇರಲಿಲ್ಲ. ನಕಲಿಗೆ ಅವಕಾಶ ಕೊಟ್ಟು ಪಾಸು ಮಾಡಿದಾಗ ಮಗುವಿಗೆ ಮೋಸ ಆಗಿತ್ತು. ಕಲಿಸದೆ ಬಿಗಿ ಮಾಡಿದಾಗಲೂ ಮೋಸ ಹೋದದ್ದು ಅದೇ ಮಗು. ಈಗ ಪಾಸಾಗಲು 35%ರ ಬದಲು ಒಟ್ಟು ಅಂಕದ 33% ಸಾಕು ಅಂತ ಮಾಡಿದ್ದಾರೆ. ಪಾಸಿನ ಗೆರೆ ಇಳಿಸಿದರೆ ಕಲಿಯದೆ ಉಳಿದ ಪಾಠ ಬರುತ್ತದೆಯೇ?

ಜಿಲ್ಲೆಗಳ ಲೆಕ್ಕ ನೋಡಿದರೆ ಇನ್ನೂ ಸಂಕಟವಾಗುತ್ತದೆ. 2024ರಲ್ಲಿ ಉಡುಪಿ 94%, ಯಾದಗಿರಿ 50.59%. 2025ರಲ್ಲಿ ದಕ್ಷಿಣ ಕನ್ನಡ 91.12%, ಕಲಬುರಗಿ 42.43%. ಒಂದೇ ರಾಜ್ಯ, ಒಂದೇ ಪಠ್ಯ, ಒಂದೇ ಪ್ರಶ್ನೆಪತ್ರಿಕೆ. ಯಾದಗಿರಿ, ಕಲಬುರಗಿ ಇರುವ ಕಲ್ಯಾಣ ಕರ್ನಾಟಕಕ್ಕೆ 371ಜೆ ವಿಧಿ ಇದೆ. ಸಂವಿಧಾನಕ್ಕೆ ತಿದ್ದುಪಡಿ ತಂದು ಪಡೆದ ಹಕ್ಕು ಅದು, ಅಲ್ಲಿನ ಕಾಲೇಜುಗಳಲ್ಲಿ 70% ಸೀಟು, ರಾಜ್ಯದ ಉಳಿದ ಕಡೆ 8% ಸೀಟು ಆ ಭಾಗದ ಮಕ್ಕಳಿಗೆ. ಬಹಳ ಹೋರಾಡಿ ಪಡೆದದ್ದು, ಅದರಿಂದ ಡಾಕ್ಟರು, ಇಂಜಿನಿಯರು ಆದ ಮಕ್ಕಳು ಎಷ್ಟೋ ಇದ್ದಾರೆ, ಅದು ಇರಲೇಬೇಕು. ಆದರೆ ಕಲಬುರಗಿಯ ಹಾಗೆ ನೂರರಲ್ಲಿ ಐವತ್ತೇಳು ಮಕ್ಕಳು ಹತ್ತನೇ ಕ್ಲಾಸನ್ನೇ ದಾಟದಿದ್ದರೆ ಆ ಸೀಟಿನ ಬಳಿಗೆ ಬರುವವರು ಯಾರು? ಆ ಭಾಗದಲ್ಲೇ ಮೊದಲಿಂದ ಅನುಕೂಲ ಇದ್ದ ಮನೆಗಳ ಮಕ್ಕಳು. ಗುಳೆ ಹೋಗುವ ಮನೆಯ ಹುಡುಗಿಗೆ 371ಜೆ ಎಂಬ ಹೆಸರೂ ಗೊತ್ತಾಗುವುದಿಲ್ಲ. ಅವಳು ಅಷ್ಟರೊಳಗೆ ಅಪ್ಪ ಅಮ್ಮನ ಜೊತೆ ಬೆಂಗಳೂರಿನ ಯಾವುದೋ ಕಟ್ಟಡದ ಶೆಡ್‌ನಲ್ಲಿ ತಮ್ಮನನ್ನು ಆಡಿಸುತ್ತಿರುತ್ತಾಳೆ.

ಹತ್ತನೇ ಕ್ಲಾಸು ದಾಟಿದವರ ಕಥೆಗೆ ಬರೋಣ. ಇದು ನಾನು ಸ್ವತಃ ದಾಟಿದ ಜಾಗ. ಹತ್ತರವರೆಗೆ ಕನ್ನಡ ಮಾಧ್ಯಮ, ಒಳ್ಳೆಯ ಅಂಕ, ಊರಿನಲ್ಲಿ ಸನ್ಮಾನ, ಪಿಯುಗೆ ಸೈನ್ಸ್. ಮೊದಲ ವಾರದ ಫಿಸಿಕ್ಸ್ ಕ್ಲಾಸಿನಲ್ಲಿ ಲೆಕ್ಚರರ್ ಬೋರ್ಡಿನ ಮೇಲೆ ಆಕ್ಸಿಲರೇಷನ್ ಅಂತ ಬರೆದು ನೇರ ಸೂತ್ರಕ್ಕೆ ಹೋದರು. ನನಗೆ ವೇಗೋತ್ಕರ್ಷ ಚೆನ್ನಾಗಿ ಗೊತ್ತಿತ್ತು. ಅದರ ಮೇಲೆ ಲೆಕ್ಕ ಕೊಟ್ಟರೆ ಮಾಡಬಲ್ಲೆ. ಬೋರ್ಡಿನ ಮೇಲೆ ಇರುವುದು ಅದೇ ಅಂತ ಗೊತ್ತಾಗಲು ಮೂರು ದಿನ ಬೇಕಾಯಿತು. ಜಡತ್ವ ಇನರ್ಷಿಯಾ ಆಗಿತ್ತು, ಸಂವೇಗ ಮೊಮೆಂಟಮ್ ಆಗಿತ್ತು, ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್ ಆಗಿತ್ತು. ನೂರು ಪುಟದ ನೋಟ್‌ಬುಕ್ ತಂದು ನಡುವೆ ಗೆರೆ ಎಳೆದು, ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಬರೆಯುತ್ತಾ ಹೋದೆ. ನನ್ನ ಜೊತೆ ನಮ್ಮ ಹೈಸ್ಕೂಲಿನಿಂದ ಬಂದ ಏಳು ಜನರಲ್ಲಿ ಮೂವರು ದಸರಾ ರಜೆಯ ಹೊತ್ತಿಗೆ ಆರ್ಟ್ಸಿಗೆ ಬದಲಾಯಿಸಿಕೊಂಡರು. ಆರ್ಟ್ಸ್ ಕೀಳು ಅಂತ ಹೇಳುತ್ತಿಲ್ಲ. ಅವರು ಅದನ್ನು ಇಷ್ಟಪಟ್ಟು ಆರಿಸಿಕೊಂಡಿರಲಿಲ್ಲ ಅನ್ನುವುದಷ್ಟೇ ನನ್ನ ನೋವು. ಅವರಲ್ಲಿ ಒಬ್ಬ ಗಣಿತದಲ್ಲಿ ನನಗಿಂತ ಜಾಸ್ತಿ ಅಂಕ ತೆಗೆದವನು.

ಈಗಲೂ ಇದು ಹೆಚ್ಚು ಬದಲಾಗಿಲ್ಲ. ಪಿಯು ಸೈನ್ಸ್ ಪಾಠ ನಡೆಯುವುದು ಇಂಗ್ಲಿಷಿನಲ್ಲೇ. ಎಸ್‌ಎಸ್‌ಎಲ್‌ಸಿ ಮುಗಿದು ಪಿಯು ಶುರುವಾಗುವ ನಡುವೆ ಸುಮಾರು ಎರಡು ತಿಂಗಳು ಇರುತ್ತದೆ. ನಗರದ ಮಕ್ಕಳು ಆ ಎರಡು ತಿಂಗಳು ಫೌಂಡೇಷನ್ ಕೋರ್ಸಿಗೆ ಹೋಗುತ್ತಾರೆ. ಹಳ್ಳಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದೇ ಒಂದು ತಿಂಗಳು, ಅವರ ತಾಲೂಕಿನಲ್ಲೇ, ಎರಡೂ ಭಾಷೆಯ ಪದ ಪಕ್ಕಪಕ್ಕ ಇಟ್ಟು ಸೇತುಬಂಧದಂಥ ಪಾಠ ಮಾಡಿದರೆ ಎಷ್ಟೋ ಜನ ಉಳಿದುಕೊಳ್ಳುತ್ತಾರೆ. ಸರ್ಕಾರಿ ಶಾಲೆಗಳ ಇಂಗ್ಲಿಷ್ ವಿಭಾಗದ ಮಕ್ಕಳಿಗೆ ದ್ವಿಭಾಷಾ ಪುಸ್ತಕ ಮಾಡಿದ್ದಾರೆ. ಅದನ್ನೇ ಪ್ರಥಮ ಪಿಯುವರೆಗೂ ಯಾಕೆ ಒಯ್ಯಬಾರದು? 2021ರಲ್ಲಿ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಕನ್ನಡದಲ್ಲೇ ಇಂಜಿನಿಯರಿಂಗ್ ಓದಲು ಅವಕಾಶ ಕೊಟ್ಟಾಗ ನಾವೆಲ್ಲ ಖುಷಿಪಟ್ಟೆವು. ಸೇರಿದವರು ತೀರಾ ಕಡಿಮೆ. ಹತ್ತರವರೆಗೆ ಕನ್ನಡ, ನಡುವಿನ ಎರಡು ವರ್ಷ ಇಂಗ್ಲಿಷ್, ಮತ್ತೆ ಕನ್ನಡ ಅಂದರೆ ಯಾರು ಬರುತ್ತಾರೆ? ನಡುವಿನ ಎರಡು ವರ್ಷದಲ್ಲೇ ಕನ್ನಡದ ಮಕ್ಕಳು ಬಿದ್ದುಹೋಗಿರುತ್ತಾರೆ.

ಪಿಯು ಅಂದರೆ ಈಗ ಬರೀ ಪಿಯು ಅಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ಪಾಠ, ಸಿಇಟಿ, ನೀಟ್, ಜೆಇಇ ಎಲ್ಲ ಒಂದೇ ಕಡೆ ಕಲಿಸುವ ಇಂಟಿಗ್ರೇಟೆಡ್ ಕಾಲೇಜುಗಳು. ಎರಡು ವರ್ಷಕ್ಕೆ ಹಾಸ್ಟೆಲ್ ಸೇರಿ ಹಲವು ಲಕ್ಷ. ಸಿಇಟಿ ಶುರುವಾದದ್ದು 1994ರಲ್ಲಿ. ಅದಕ್ಕೂ ಮೊದಲು ಕ್ಯಾಪಿಟೇಷನ್ ಫೀಸು ಎಂಬ ಹೆಸರಿನಲ್ಲಿ ಸೀಟು ಮಾರಾಟ ಆಗುತ್ತಿತ್ತು. ಅದನ್ನು ತಡೆದ ಸುಪ್ರೀಂ ಕೋರ್ಟಿನ 1993ರ ಉನ್ನಿಕೃಷ್ಣನ್ ತೀರ್ಪಿನ ನಂತರ ಬಂದ ಈ ಒಂದು ಪರೀಕ್ಷೆಯಿಂದ ಹಳ್ಳಿ ಮಕ್ಕಳು ರ‍್ಯಾಂಕಿನ ಮೇಲೆ ದೊಡ್ಡ ಕಾಲೇಜಿಗೆ ಕಾಲಿಟ್ಟರು. ಒಂದು ತಲೆಮಾರನ್ನೇ ಅದು ಮೇಲೆತ್ತಿತು, ಅದನ್ನು ಮರೆಯುವ ಹಾಗಿಲ್ಲ. ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಿಯು ಅಂಕ, ಅರ್ಧ ಸಿಇಟಿ ಅಂಕ ಅನ್ನುವುದೂ ಒಳ್ಳೆಯ ಏರ್ಪಾಡೇ. ತನ್ನ ಕಾಲೇಜಿನಲ್ಲಿ ಶ್ರದ್ಧೆಯಿಂದ ಓದಿದ್ದಕ್ಕೆ ಬೆಲೆ ಇರುತ್ತದೆ. ಮೆಡಿಕಲ್‌ಗೆ ಈಗ ನೀಟ್ ಒಂದೇ. ಅಲ್ಲಿ ಪಿಯು ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಒಂದು ವರ್ಷ ಮನೆಯಲ್ಲಿ ಕೂತು, ಲಕ್ಷಾಂತರ ಕೊಟ್ಟು ಲಾಂಗ್‌ಟರ್ಮ್ ಕೋಚಿಂಗ್ ತೆಗೆದುಕೊಂಡವನೂ, ಸರ್ಕಾರಿ ಪಿಯು ಕಾಲೇಜಿನ ಮೊದಲ ಪ್ರಯತ್ನದ ಹುಡುಗಿಯೂ ಒಂದೇ ಪಟ್ಟಿಯಲ್ಲಿ.

ತಮಿಳುನಾಡು ಇದಕ್ಕೆ ಒಂದು ದಾರಿ ಹುಡುಕಿತು. ನೀಟ್ ಬೇಡ ಅನ್ನುವ ಅವರ ಜಗಳ ಬೇರೆ, ಅದು ನಡೆಯುತ್ತಲೇ ಇದೆ. ಆದರೆ 2020ರಲ್ಲಿ ಅವರು ಒಂದು ಕಾನೂನು ಮಾಡಿದರು: ಆರನೇ ಕ್ಲಾಸಿನಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದವರಿಗೆ ಮೆಡಿಕಲ್ ಸೀಟಿನಲ್ಲಿ 7.5%. ಜಾತಿ ಮೀಸಲಾತಿ ಎಷ್ಟಿದೆಯೋ ಅಷ್ಟೇ ಇಟ್ಟು, ಅದರೊಳಗೇ ಇದು. ಹಿಂದಿನ ವರ್ಷ ಸರ್ಕಾರಿ ಶಾಲೆಯಿಂದ ಎಂಬಿಬಿಎಸ್ ಸೇರಿದವರು ಬೆರಳೆಣಿಕೆಯಷ್ಟು. ಕಾನೂನು ಬಂದ ವರ್ಷವೇ ಮುನ್ನೂರಕ್ಕಿಂತ ಜಾಸ್ತಿ. 2021ರಲ್ಲಿ ಅದನ್ನು ಇಂಜಿನಿಯರಿಂಗ್, ಕೃಷಿ, ಪಶುವೈದ್ಯ, ಕಾನೂನು ಕೋರ್ಸುಗಳಿಗೂ ತಂದರು. 2022ರಲ್ಲಿ ಮದ್ರಾಸ್ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. ನನಗೆ ಇದರಲ್ಲಿ ಇಷ್ಟವಾಗುವುದು ಆ ಅಳತೆಗೋಲು. ಸರ್ಕಾರಿ ಶಾಲೆಯಲ್ಲಿ ಏಳು ವರ್ಷ ಓದಿದ್ದು ಅನ್ನುವುದನ್ನು ಸುಳ್ಳು ಸರ್ಟಿಫಿಕೇಟಿನಿಂದ ತೋರಿಸುವುದು ಕಷ್ಟ, ಮಗು ಅಲ್ಲಿ ನಿಜವಾಗಿ ಕೂತಿರಬೇಕು.

ನಮ್ಮಲ್ಲೂ ಕೋಟಾ ಇಲ್ಲ ಅಂತಲ್ಲ. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಮಕ್ಕಳಿಗೆ 15%, ಕನ್ನಡ ಮಾಧ್ಯಮದವರಿಗೆ 5% ಇದೆ. ಎರಡಕ್ಕೂ ಒಂದರಿಂದ ಹತ್ತರವರೆಗಿನ ಓದೇ ಲೆಕ್ಕ. ಆದರೆ ಗ್ರಾಮೀಣ ಅನ್ನುವಾಗ ನೋಡುವುದು ಶಾಲೆ ಎಲ್ಲಿದೆ ಅಂತ. ಸರ್ಕಾರಿಯೋ ಖಾಸಗಿಯೋ ಅಂತ ನೋಡುವುದಿಲ್ಲ. ಊರಾಚೆ ಹತ್ತು ಎಕರೆಯಲ್ಲಿ ಕಟ್ಟಿದ, ಬಸ್ಸು, ಲ್ಯಾಬು ಎಲ್ಲ ಇರುವ ಶಾಲೆಯ ಮಗುವೂ ಗ್ರಾಮೀಣ. ಇಬ್ಬರೇ ಮೇಷ್ಟ್ರು ಐದು ಕ್ಲಾಸು ನೋಡಿಕೊಳ್ಳುವ ಶಾಲೆಯ ಮಗುವೂ ಗ್ರಾಮೀಣ. ಕೋಟಾ ಯಾರ ಕೈಗೆ ಹೆಚ್ಚು ಸಿಗುತ್ತದೆ ಅಂತ ಊಹಿಸಲು ಕಷ್ಟವಿಲ್ಲ. ಸರ್ಕಾರಿ ಶಾಲೆಯಲ್ಲಿ ಓದಿದ್ದನ್ನೂ ಇದರೊಳಗೆ ಒಂದು ಷರತ್ತಾಗಿ ಸೇರಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜಾತಿ ಮೀಸಲಾತಿಯ ಬದಲಿಗೆ ಅಲ್ಲ, ಅದರ ಒಳಗೆ, ತಮಿಳುನಾಡು ಮಾಡಿದ ಹಾಗೆ. ಪರಿಶಿಷ್ಟರ ಸೀಟಿನಲ್ಲೂ ಸರ್ಕಾರಿ ಶಾಲೆಯ ಪರಿಶಿಷ್ಟ ಮಗುವಿಗೆ ಒಂದು ಪಾಲು, ಸಾಮಾನ್ಯ ವರ್ಗದಲ್ಲೂ ಸರ್ಕಾರಿ ಶಾಲೆಯ ಮಗುವಿಗೆ ಒಂದು ಪಾಲು.

ಮೆರಿಟ್ ಹಾಳಾಗುತ್ತದೆ ಅಂತ ಹೇಳುವವರು ಇರುತ್ತಾರೆ. ಈ ಮಾತು ಮೈಸೂರು ಸಂಸ್ಥಾನದ ಕಾಲದಿಂದಲೂ ಇದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು, ಸರ್ಕಾರಿ ಹುದ್ದೆಯಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಬಗ್ಗೆ ಮಿಲ್ಲರ್ ಸಮಿತಿ ನೇಮಿಸಿದಾಗಲೂ ಇದೇ ವಾದ ನಡೆಯಿತು. ದಿವಾನ್ ವಿಶ್ವೇಶ್ವರಯ್ಯನವರು ಆಗಲೇ ಹುದ್ದೆ ಬಿಟ್ಟರು. ವಿಶ್ವೇಶ್ವರಯ್ಯನವರ ಬಗ್ಗೆ ಎಷ್ಟೇ ಗೌರವ ಇದ್ದರೂ, ಈ ವಿಷಯದಲ್ಲಿ ನೂರು ವರ್ಷದ ಅನುಭವ ಮಹಾರಾಜರ ಕಡೆಗೇ ಇದೆ ಅಂತ ನನಗೆ ಅನ್ನಿಸುತ್ತದೆ. ಮನೆಯಲ್ಲಿ ಓದಿದವರೇ ಇಲ್ಲದ, ಮೇಷ್ಟ್ರಿಲ್ಲದ ಶಾಲೆಯಿಂದ ಬಂದು 80 ಅಂಕ ತೆಗೆದ ಮಗುವಿನ ಶಕ್ತಿಯನ್ನು, ಎಲ್ಲ ಅನುಕೂಲದೊಂದಿಗೆ 90 ತೆಗೆದ ಮಗುವಿನ ಪಕ್ಕ ಇಟ್ಟು ಅಂಕಿ ಮಾತ್ರ ನೋಡಿ ತೀರ್ಮಾನಿಸಲು ನನಗೆ ಆಗುವುದಿಲ್ಲ.

ಇಷ್ಟೆಲ್ಲ ಸೀಟಿನ ಮಾತು ಆಡಿದೆ. ಆದರೆ ನಮ್ಮ ನಾಡಿನಲ್ಲಿ ಬಡ ಮಕ್ಕಳನ್ನು ನಿಜವಾಗಿ ಮೇಲೆತ್ತಿದ್ದು ಯಾವುದು ಅಂತ ಕೇಳಿದರೆ ನಾನು ಹಾಸ್ಟೆಲ್ ಅನ್ನುತ್ತೇನೆ. ವಾರಾನ್ನ ಮಾಡಿಕೊಂಡು ಓದಿದ ಕಾಲವೊಂದಿತ್ತು, ಆದರೆ ವಾರಾನ್ನದ ಮನೆಯ ಬಾಗಿಲು ಎಲ್ಲ ಜಾತಿಗೂ ತೆರೆಯುತ್ತಿರಲಿಲ್ಲ. ಮಠಗಳು, ಸಮುದಾಯದ ಸಂಘಗಳು ಕಟ್ಟಿದ ಉಚಿತ ಹಾಸ್ಟೆಲ್‌ಗಳು ಬಂದ ಮೇಲೆ ಹೊಲದಿಂದ ಎದ್ದು ಬಂದ ಹುಡುಗರು ಪಟ್ಟಣದಲ್ಲಿ ನಿಂತರು. ತುಮಕೂರಿನ ಸಿದ್ಧಗಂಗೆಯಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ಉಂಡು, ಮಲಗಿ, ಓದುತ್ತಿದ್ದಾರೆ. ದೇವರಾಜ ಅರಸರ ಕಾಲದಲ್ಲಿ ಹಾವನೂರು ಆಯೋಗ ಹಿಂದುಳಿದವರ ಲೆಕ್ಕ ತೆಗೆದ ಮೇಲೆ ಸರ್ಕಾರಿ ಹಾಸ್ಟೆಲ್‌ಗಳು ಊರೂರಿಗೆ ಬಂದವು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ ಆರನೇ ಕ್ಲಾಸಿಗೆ ಸೇರಲು ಈಗಲೂ ಎಷ್ಟು ಪೈಪೋಟಿ ಇದೆ ಅಂತ ಹಳ್ಳಿಯ ಯಾವ ಪೋಷಕರನ್ನು ಕೇಳಿದರೂ ಹೇಳುತ್ತಾರೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಅಂತ ತಿಂಗಳಿಗೆ 1,500 ರೂಪಾಯಿ ಕೊಡಲು ಶುರು ಮಾಡಿದ್ದು 2013ರ ಹೊತ್ತಿಗೆ. ಆಗ ಅದಕ್ಕೆ ಊಟವಾದರೂ ಸಿಗುತ್ತಿತ್ತು. ಬೆಂಗಳೂರಿನಲ್ಲಿ ಇವತ್ತು ಅಷ್ಟಕ್ಕೆ ಪಿಜಿಯಲ್ಲಿ ಒಂದು ಮಂಚದ ಕಾಲು ಭಾಗವೂ ಸಿಗುವುದಿಲ್ಲ.

ಸೀಟು ಸಿಕ್ಕಿಯೂ ಬಿಟ್ಟುಕೊಡುವ ಮಕ್ಕಳನ್ನು ಜುಲೈ, ಆಗಸ್ಟ್‌ನಲ್ಲಿ ಯಾವ ಸೈಬರ್ ಸೆಂಟರಿನಲ್ಲಾದರೂ ನೋಡಬಹುದು. ಸಿಇಟಿಯಲ್ಲಿ ಬಂದ ಸರ್ಕಾರಿ ಸೀಟಾದರೂ ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಾದರೆ ವರ್ಷದ ಫೀಸು ಮುಕ್ಕಾಲು ಲಕ್ಷ ದಾಟಿದೆ. ಆಪ್ಷನ್ ಎಂಟ್ರಿ ಮಾಡುವಾಗ ಕಾಲೇಜಿನ ಹೆಸರಿಗಿಂತ ಮೊದಲು ಅಪ್ಪ ಕೇಳುವುದು 'ಊರಿಂದ ಓಡಾಡಬಹುದಾ?' ಅಂತ. ರ‍್ಯಾಂಕು ಬೆಂಗಳೂರಿನ ಒಳ್ಳೆಯ ಕಾಲೇಜಿಗೆ ಸಾಕಾಗುವಷ್ಟಿದ್ದರೂ ಪಟ್ಟಿಯಲ್ಲಿ ಮೊದಲು ಬರುವುದು ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ಕಾಲೇಜು. ವಿದ್ಯಾರ್ಥಿವೇತನ ಬರುತ್ತದೆ, ಬರುವಾಗ ಸೆಮಿಸ್ಟರ್ ಮುಗಿದಿರುತ್ತದೆ. ಫೀಸು ಮೊದಲು ಕಟ್ಟಬೇಕು, ದುಡ್ಡು ಆಮೇಲೆ ಬರುತ್ತದೆ. ನಡುವಿನ ಆರು ತಿಂಗಳಿಗೆ ಬಡ್ಡಿ ಕಟ್ಟುವವರು ಆ ಮನೆಯವರು. ಆ ದುಡ್ಡನ್ನು ಜೂನ್‌ನಲ್ಲೇ ಕಾಲೇಜಿಗೆ ನೇರವಾಗಿ ಕಟ್ಟಲು ಹೊಸ ಕಾಯ್ದೆ ಏನೂ ಬೇಡ. ಒಂಬತ್ತು, ಹತ್ತನೇ ಕ್ಲಾಸಿನ ಆರ್‌ಟಿಇ ಮಕ್ಕಳಿಗೆ ಇನ್ನೆರಡು ವರ್ಷ ಫೀಸು ತುಂಬಲು ರಾಜ್ಯ ಕೇಂದ್ರದ ದಾರಿ ಕಾಯಬೇಕಿಲ್ಲ. ಹೊಸದಾಗಿ ಸೇರುವವರೇ ಕಡಿಮೆ ಆಗಿರುವುದರಿಂದ ಈ ಖರ್ಚು 2030ರ ನಂತರ ತಾನಾಗಿಯೇ ಇಳಿಯುತ್ತದೆ. ಇಷ್ಟು ಲೆಕ್ಕ ಬಜೆಟ್ ಮಾಡುವವರಿಗೆ ಗೊತ್ತಿಲ್ಲದೆ ಇರುವುದಿಲ್ಲ.

ಆ ಹುಡುಗ ಕೊನೆಗೆ ಸರ್ಕಾರಿ ಹೈಸ್ಕೂಲಿಗೆ ಸೇರಿದ. ಜೂನ್ ಮೊದಲ ವಾರ ಸಂಜೆ ನಮ್ಮ ಮನೆಗೆ ಬಂದು ಗಣಿತದ ಪುಸ್ತಕ ಮುಂದಿಟ್ಟ. ಮನೆ ಮಾತು ಕನ್ನಡವೇ, ಆದರೂ ಪ್ರತಿ ಸಾಲಿನಲ್ಲೂ ತಡವರಿಸುತ್ತಿದ್ದ. 'ಬಹುಪದೋಕ್ತಿ ಅಂದ್ರೆ ಪಾಲಿನಾಮಿಯಲ್ಲಾ?' ಅಂತ ಕೇಳಿದ. ಹೌದು ಅಂದೆ. ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದ. ಪುಟದ ನಡುವೆ ಸ್ಕೇಲಿನಲ್ಲಿ ಗೆರೆ ಎಳೆದಿದ್ದ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ. ನಾಲ್ಕು ಪುಟ ಆಗಲೇ ತುಂಬಿತ್ತು.